ಮನೆಯ ಹಿತ್ತಲಲ್ಲಿ ಹಣ್ಣಿನ ಗಿಡಗಳನ್ನು ಸಾಕುವ ವಿಷಯ

ಓದತಕ್ಕ ವೇದಭಾಗಗಳು: ಲೂಕ 13:6–9; ಯಾಜಕಕಾಂಡ 19:23–25; ಯೆರೆಮೀಯ 29:4–7.



ದ್ರಾಕ್ಷೇತೋಟದಲ್ಲಿ ನೆಟ್ಟಿದ್ದ ಅಂಜೂರದ ಮರದ ಸಾಮ್ಯವನ್ನು ನಾವೆಲ್ಲರೂ ಅನೇಕ ಸಾರಿ ಕೇಳಿದ್ದೇವೆ. ಯಜಮಾನನು ಮೂರು ವರುಷ ಫಲವನ್ನು ಹುಡುಕಿಕೊಂಡು ಬಂದು, ಏನನ್ನೂ ಕಾಣದೆ, ಮರವನ್ನು ಕಡಿದುಬಿಡುವಂತೆ ಅಪ್ಪಣೆಕೊಟ್ಟನು. ತೋಟಗಾರನು ಇನ್ನೊಂದು ವರುಷದ ವಾಯಿದೆಯನ್ನು ಬೇಡಿಕೊಂಡನು. ಈ ಭಾಗದ ಮೇಲೆ ಪ್ರಸಂಗಿಸುವವರು ಯಜಮಾನನ ನ್ಯಾಯವನ್ನೂ ತೋಟಗಾರನ ಬಿನ್ನಹವನ್ನೂ ಕುರಿತು ವಿಸ್ತಾರವಾಗಿ ಹೇಳುತ್ತಾರೆ, ಅದು ತಕ್ಕದ್ದೇ. ಆದರೆ ಆ ತೋಟಗಾರನು ವಾಯಿದೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಬುಡದ ಸುತ್ತಲೂ ಅಗೆಯುವದನ್ನೂ ಗೊಬ್ಬರ ಹಾಕುವದನ್ನೂ ತಾನೇ ಮಾಡುವದಾಗಿ ಒಪ್ಪಿಕೊಂಡನು. ಅವನ ಬಿನ್ನಹದ ಹಿಂದೆ ಸನಿಕೆಯೂ ಗೊಬ್ಬರದ ಪುಟ್ಟಿಯೂ ಇದ್ದವು. ಈ ಮಾತನ್ನು ನಾನು ಬಹು ಕಾಲದ ವರೆಗೆ ಗಮನಿಸದೆ ಹೋದೆನು. ಅದರಿಂದಾದ ನಷ್ಟವನ್ನು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಬರುವೆನು.

ಒಂದು ವರುಷ ನಮ್ಮ ಸಭೆಯಲ್ಲಿ ಸುಗ್ಗಿಯ ಸ್ತೋತ್ರಾರಾಧನೆಯ ದಿವಸ ದೇವಾಲಯದ ಹಿಂದಣ ಬಯಲಿನಲ್ಲಿ 21 ಹಣ್ಣಿನ ಸಸಿಗಳನ್ನು ನೆಟ್ಟೆವು. ಜನರೆಲ್ಲರೂ ಕೂಡಿದ್ದರು, ಮಕ್ಕಳು ಹಾಡಿದರು, ನಾನು ಮೇಲೆ ಹೇಳಿದ ಸಾಮ್ಯದ ಮೇಲೆ ಪ್ರಸಂಗ ಮಾಡಿದೆನು. ಮಳೆಗಾಲವು ಆಗಲೇ ಮುಗಿದಿತ್ತು. ಗುಂಡಿಗಳು ಒಂದು ಗೇಣಿಗಿಂತ ಹೆಚ್ಚು ಆಳವಿರಲಿಲ್ಲ. ಕೊಟ್ಟಿಗೆಯಿಂದ ಅದೇ ದಿವಸ ತಂದ ಹಸಿ ಸಗಣಿಯನ್ನು ಬೇರಿನ ಕೆಳಗೆ ಹಾಕಿದೆವು. ಯಾವ ಸಸಿಗೆ ಯಾರು ನೀರು ಹೊಯ್ಯತಕ್ಕದ್ದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುನರುತ್ಥಾನದ ಹಬ್ಬ ಬರುವಷ್ಟರಲ್ಲಿ 2 ಸಸಿಗಳು ಮಾತ್ರ ಉಳಿದಿದ್ದವು. ಅವು ಯಾಕೆ ಉಳಿದವೆಂದರೆ, ದೇವಾಲಯವನ್ನು ಗುಡಿಸುವ ತಾಯಿಯು ಪ್ರತಿದಿನ ಪಾತ್ರೆ ತೊಳೆಯುವ ಕಲ್ಲು ಅವುಗಳ ಹತ್ತಿರದಲ್ಲಿತ್ತು. ಸಸಿಗಳು ಕೆಟ್ಟವಾಗಿರಲಿಲ್ಲ, ಮಣ್ಣೂ ಕೆಟ್ಟದ್ದಲ್ಲ. ನಾವು ನೆಟ್ಟೆವು, ಸಾಕಲಿಲ್ಲ.

ಆದದರಿಂದ ಈ ಪಾಠದಲ್ಲಿ ನೆಡುವದಕ್ಕಿಂತ ಸಾಕುವ ವಿಷಯವೇ ಹೆಚ್ಚಾಗಿರುವದು. ಹಣ್ಣಿನ ಗಿಡವು ಉಳಿಯುವದೋ ಅಳಿಯುವದೋ ಎಂಬದು ಬಹುಮಟ್ಟಿಗೆ ಮೊದಲನೆಯ ಬೇಸಿಗೆಯಲ್ಲಿ ತೀರ್ಮಾನವಾಗುತ್ತದೆ. ಅದು ಬಲವಾದ ಮರವಾಗುವದೋ ಎಂಬದು ಮೊದಲನೆಯ ಮೂರು ವರುಷಗಳಲ್ಲಿ ತೀರ್ಮಾನವಾಗುತ್ತದೆ.

1. ಇದು ಸಭೆಯ ಪತ್ರಿಕೆಗೆ ತಕ್ಕ ವಿಷಯವೋ?

ಕೆಲವರು ಹೀಗೆ ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಹಣ್ಣು ಯಾವಾಗ ಮನೆಗೆ ಬರುತ್ತದೆಂದು ನೋಡಿರಿ. ಮಗುವಿಗೆ ಜ್ವರ ಬಂದರೆ, ಅಥವಾ ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದರೆ, ಆಗ ಪೇಟೆಯಿಂದ ಹಣ್ಣನ್ನು ಕೊಂಡು ತರುತ್ತೇವೆ. ಆರೋಗ್ಯವಾಗಿರುವ ಮಗುವಿಗೆ ಹಣ್ಣು ಕೊಡತಕ್ಕದ್ದೆಂಬ ಯೋಚನೆ ಬಹು ಮನೆಗಳಲ್ಲಿ ಇಲ್ಲ, ಇದ್ದರೂ ಹಣವಿಲ್ಲ. ಆದರೆ ಮಾಗಿದ ಪರಂಗಿ ಮತ್ತು ಮಾವಿನ ಹಣ್ಣುಗಳ ಹಳದಿ ಬಣ್ಣದಲ್ಲಿಯೇ ಕಣ್ಣಿಗೆ ಬೇಕಾದ ಏ ಜೀವಸತ್ವವನ್ನು ಉಂಟುಮಾಡುವ ಸತ್ವವಿದೆ. ಈ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಸೀಬೆಹಣ್ಣಿನಲ್ಲಿ ನೂರು ಗ್ರಾಮಿಗೆ ಸುಮಾರು 200 ಮಿಲಿಗ್ರಾಮು ಸಿ ಜೀವಸತ್ವವಿದೆ. ಕಿತ್ತಳೆಯಲ್ಲಿ ಅದರ ಕಾಲುಭಾಗ ಮಾತ್ರ. ಸಿ ಜೀವಸತ್ವವು ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳುವದಕ್ಕೆ ಸಹಾಯಮಾಡುತ್ತದೆ. ಆದದರಿಂದ ಊಟದೊಂದಿಗೆ ಒಂದು ಸೀಬೆಹಣ್ಣನ್ನು ತಿನ್ನುವ ಮಗುವಿಗೂ, ಸಾರಿಗೆ ನಿಂಬೇರಸವನ್ನು ಹಿಂಡಿಕೊಂಡು ಉಣ್ಣುವ ತಾಯಿಗೂ, ಅದೇ ಮುದ್ದೆಯಿಂದ ಹೆಚ್ಚು ಪ್ರಯೋಜನ ಉಂಟಾಗುತ್ತದೆ.

ನಮಗಿಂತ ಮುಂಚಿನ ದೇವಸೇವಕರು ಇದನ್ನು ಅಲ್ಪವಾದ ಕೆಲಸವೆಂದು ಎಣಿಸಲಿಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಮ್ ಕೇರಿ ಎಂಬವನು ಮೊದಲು ಚಮ್ಮಾರನಾಗಿ ಬದುಕಿದವನು. ಕನ್ನಡ ಭಾಷೆಯ ವ್ಯಾಕರಣವೊಂದನ್ನು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದವನು ಇವನೇ ಆದದರಿಂದ ಕನ್ನಡಿಗರಾದ ನಮಗೂ ಅವನು ಪರಕೀಯನಲ್ಲ. ಇವನು ಶ್ರೀರಾಮಪುರದಲ್ಲಿ ದೊಡ್ಡ ತೋಟವನ್ನು ಮಾಡಿ, 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದನು. 1823ರಲ್ಲಿ ನದಿಯು ಉಕ್ಕಿ ಬಂದು ಆ ತೋಟವನ್ನು ಹಾಳುಮಾಡಿತು. ಆಗ ಅವನಿಗೆ ಅರುವತ್ತು ವರುಷ ದಾಟಿತ್ತು. ಆದರೂ ಅವನು ತಿರಿಗಿ ನೆಡಲಾರಂಭಿಸಿದನು. ಅವನು 1834ರಲ್ಲಿ ತೀರಿಕೊಂಡನು. ಅದೇ ವರುಷ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದರು.

2. ಹಿತ್ತಲನ್ನು ನೋಡಿಕೊಳ್ಳುವದು

ಸಸಿಯನ್ನು ಕೊಳ್ಳುವದಕ್ಕೆ ಮುಂಚೆ ಒಂದು ದಿವಸ ನಿಮ್ಮ ಹಿತ್ತಲನ್ನು ಬೆಳಿಗ್ಗೆಯೂ ಮಧ್ಯಾಹ್ನದಲ್ಲಿಯೂ ಸಂಜೆಯಲ್ಲಿಯೂ ನೋಡಿರಿ. ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ, ಮಳೆಯ ನೀರು ಎಲ್ಲಿ ನಿಲ್ಲುತ್ತದೆ, ಬಚ್ಚಲಿನ ನೀರು ಎಲ್ಲಿಗೆ ಹರಿಯುತ್ತದೆ, ಆಡುಗಳು ಎಲ್ಲಿಂದ ನುಗ್ಗುತ್ತವೆ, ಈ ಐದು ಸಂಗತಿಗಳನ್ನು ತಿಳುಕೊಂಡರೆ ಅರ್ಧ ಕೆಲಸ ಆದ ಹಾಗೆಯೇ. ಹಣ್ಣಿನ ಗಿಡಗಳಿಗೆ ದಿವಸಕ್ಕೆ ಆರು ತಾಸಾದರೂ ಬಿಸಿಲು ಬೇಕು. ಹುಣಿಸೆ, ಬೇವು ಮುಂತಾದ ದೊಡ್ಡ ಮರಗಳ ನೆರಳಿನಲ್ಲಿ ನೆಟ್ಟ ಸೀಬೆಯು ಎತ್ತರವಾಗಿ ಬೆಳೆದೀತು, ಹಣ್ಣು ಬಿಡಲಾರದು.

30 ಅಡಿ ಉದ್ದ, 20 ಅಡಿ ಅಗಲವಾದ ಹಿತ್ತಲು ಒಂದು ಕುಟುಂಬಕ್ಕೆ ಸಾಕಷ್ಟು ಹಣ್ಣನ್ನು ಕೊಡಬಲ್ಲದು. ಅದರಲ್ಲಿ ಒಂದು ಸೀಬೆ, ಒಂದು ನಿಂಬೆ, ಎರಡು ಮೂರು ಪರಂಗಿ, ಬಚ್ಚಲಿನ ನೀರು ಹರಿಯುವಲ್ಲಿ ಒಂದು ಬಾಳೆಯ ಗುಂಪು, ಒಂದು ಮೂಲೆಯಲ್ಲಿ ಹಿಪ್ಪುನೇರಳೆ, ಬೇಲಿಯ ಸಾಲಿನಲ್ಲಿ ಕವಳೆ, ಇಷ್ಟನ್ನು ಇಡಬಹುದು. ಸೀಬೆ ನಿಂಬೆಗಳ ನಡುವೆ 10 ರಿಂದ 15 ಅಡಿಯೂ ಪರಂಗಿಗಳ ನಡುವೆ 6 ಅಡಿಯೂ ಅಂತರವಿರಲಿ. ಮಾವು, ಹಲಸು, ನೇರಳೆ ದೊಡ್ಡ ಮರಗಳು; ಇವುಗಳಿಗೆ ಒಂದೊಂದಕ್ಕೆ 30 ಅಡಿಯಷ್ಟು ಸ್ಥಳ ಬೇಕಾದದರಿಂದ ಗೋಡೆಯ ಹತ್ತಿರ ನೆಡಬಾರದು; ಹೊಲದ ಬದುವಿನಲ್ಲಿ ನೆಡಲಿ. ಸಸಿಯು ಚಿಕ್ಕದಾಗಿರುವಾಗ ಈ ಅಂತರವು ವ್ಯರ್ಥವೆಂದು ತೋರುತ್ತದೆ. ಐದು ವರುಷಗಳಾದ ಮೇಲೆ ಯಾರಿಗೂ ಹಾಗೆ ತೋರದು.

3. ಯಾವದನ್ನು ಬೀಜದಿಂದ, ಯಾವದನ್ನು ಕಸಿಯಿಂದ

ಹಣ್ಣು ಚೆನ್ನಾಗಿದೆಯೆಂದು ಅದರ ಬೀಜವನ್ನು ಹೂಣಿಡುವದು ನಮ್ಮಲ್ಲಿ ಎಲ್ಲರ ರೂಢಿ. ಕೆಲವು ಜಾತಿಗಳಿಗೆ ಇದು ಸರಿ, ಕೆಲವಕ್ಕೆ ಸರಿಯಲ್ಲ. ಯಾಕಂದರೆ ಬೀಜವು ಹೂವಿನಲ್ಲಿ ಎರಡು ಗಿಡಗಳ ಅಂಶಗಳು ಕೂಡುವದರಿಂದ ಹುಟ್ಟುತ್ತದೆ. ರಸಪೂರಿ ಮಾವಿನ ಗೊರಟೆಯಿಂದ ಹುಟ್ಟಿದ ಮರವು ರಸಪೂರಿಯನ್ನೇ ಕೊಡುವದೆಂಬ ಭರವಸವಿಲ್ಲ. ಅದು ಹಣ್ಣು ಬಿಡುವದಕ್ಕೆ ಏಳೆಂಟು ವರುಷಗಳೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಕಸಿಮಾಡಿದ ಗಿಡವಾದರೋ ತಾಯಿಮರದ ಕೊಂಬೆಯೇ ಆಗಿರುವದರಿಂದ ಅದೇ ಹಣ್ಣನ್ನು ಮೂರು ನಾಲ್ಕು ವರುಷಗಳಲ್ಲಿ ಕೊಡಲಾರಂಭಿಸುತ್ತದೆ. ಸಪೋಟವನ್ನೂ ಕಸಿಗಿಡವಾಗಿಯೇ ಕೊಳ್ಳತಕ್ಕದ್ದು. ಸೀಬೆಗೆ ಗೂಟಿಯ ಗಿಡ, ಅಂದರೆ ಮರದ ಕೊಂಬೆಯಲ್ಲಿಯೇ ಸಿಪ್ಪೆಯನ್ನು ತೆಗೆದು ಒದ್ದೆಯಾದ ಪಾಚಿ ಕಟ್ಟಿ ಬೇರು ಬರಿಸಿದ್ದು, ಒಳ್ಳೇದು.

ನಿಂಬೆಯ ಸಂಗತಿ ಬೇರೆ. ಅದರ ಒಂದೇ ಬೀಜದಲ್ಲಿ ಅನೇಕ ಮೊಳಕೆಗಳು ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಅಂಶದಿಂದಲೇ ಹುಟ್ಟಿದವಾದದರಿಂದ ತಾಯಿಯನ್ನೇ ಹೋಲುತ್ತವೆ. ಒಳ್ಳೇ ನಿಂಬೆಮರದ ಬೀಜವನ್ನು ಧೈರ್ಯವಾಗಿ ಬಿತ್ತಬಹುದು. ಆದರೆ ನಾಲ್ಕೈದು ವರುಷ ಕಾಯಬೇಕು. ಪರಂಗಿಯೂ ಬೀಜದಿಂದಲೇ. ಅದರಲ್ಲಿ ಗಂಡುಗಿಡ ಹೆಣ್ಣುಗಿಡಗಳೆಂಬ ಭೇದವಿರುವದರಿಂದ ಒಂದು ಗುಂಡಿಯಲ್ಲಿ ಮೂರು ಸಸಿಗಳನ್ನು ನೆಟ್ಟು, ಹೂವು ಬಂದಾಗ ಉದ್ದವಾದ ತೊಟ್ಟಿನ ಗೊಂಚಲುಗಳನ್ನು ಇಳಿಬಿಡುವ ಗಂಡುಗಿಡಗಳನ್ನು ತೆಗೆದುಹಾಕಿ, ಒಂದು ಒಳ್ಳೇ ಗಿಡವನ್ನು ಉಳಿಸತಕ್ಕದ್ದು. ನೆರೆಹೊರೆಯಲ್ಲಿ ಎಲ್ಲಿಯಾದರೂ ಒಂದು ಗಂಡುಗಿಡ ಇರಲಿ. ಕೂರ್ಗ್ ಹನಿಡ್ಯೂ, ಅರ್ಕ ಪ್ರಭಾತ್ ಎಂಬ ತಳಿಗಳಲ್ಲಿ ಬರೀ ಗಂಡುಗಿಡಗಳು ಹುಟ್ಟುವದಿಲ್ಲವಾದದರಿಂದ ಚಿಕ್ಕ ಹಿತ್ತಲಿಗೆ ಅವು ಅನುಕೂಲ. ಬಾಳೆಗೆ ಕಂದನ್ನು ನೆಡುವಾಗ ಕತ್ತಿಯಂತೆ ಕಿರಿದಾದ ಎಲೆಯುಳ್ಳದ್ದನ್ನು ಆರಿಸಿಕೊಳ್ಳಿರಿ; ಎಳೆಯದರಲ್ಲಿಯೇ ಅಗಲವಾದ ಎಲೆ ಬಿಟ್ಟ ನೀರುಗಂದು ಬಲಹೀನವಾದದ್ದು.

ಚಿಕ್ಕ ಹಣ್ಣುಗಳನ್ನು ನಾವು ಮರೆತಿದ್ದೇವೆ. ಹಿಪ್ಪುನೇರಳೆಯನ್ನು ರೇಷ್ಮೇಹುಳದ ಮೇವೆಂದು ಮಾತ್ರ ತಿಳಿದಿರುತ್ತೇವೆ. ಅದರ ಕಪ್ಪು ಹಣ್ಣು ಮಕ್ಕಳಿಗೆ ಬಹು ಇಷ್ಟ. ಪೆನ್ಸಿಲಿನಷ್ಟು ದಪ್ಪವಾದ, ಮೂರು ನಾಲ್ಕು ಕಣ್ಣುಗಳುಳ್ಳ ಕಡ್ಡಿಗಳನ್ನು ಮುಂಗಾರಿನಲ್ಲಿ ಒಂದು ಕಣ್ಣು ಮೇಲಿರುವಂತೆ ಊರಿದರೆ ಸಾಕು, ಒಂದೆರಡು ವರುಷಗಳಲ್ಲಿ ಹಣ್ಣಾಗುತ್ತದೆ. ಕೊಂಬೆಗಳನ್ನು ಸವರಿದರೆ ಹೊಸ ಚಿಗುರಿನೊಂದಿಗೆ ಹಣ್ಣೂ ಬರುತ್ತದೆ. ಕವಳೆಯು ಮುಳ್ಳಿನ ಗಿಡ. ಬೇಲಿಯ ಕೆಲಸವನ್ನೂ ಮಾಡಿ, ಉಪ್ಪಿನಕಾಯಿಗೆ ಕಾಯನ್ನೂ ಕೊಡುತ್ತದೆ. ಬರಡು ನೆಲವನ್ನೂ ನೀರಿನ ಕೊರತೆಯನ್ನೂ ತಾಳಿಕೊಳ್ಳುತ್ತದೆ. ಹೊಸದಾಗಿ ಕಲಿಯುವ ಬಡ ಕುಟುಂಬವು ಈ ಎರಡರಿಂದ ಆರಂಭಿಸಿದರೆ ಖರ್ಚೇ ಇಲ್ಲ. ಕೈಗೆ ಅಭ್ಯಾಸವೂ ಮನಸ್ಸಿಗೆ ಧೈರ್ಯವೂ ಬರುತ್ತವೆ.

ಸಸಿಗಳನ್ನು ಸಂತೆಯಲ್ಲಿ ಕೊಳ್ಳುವಾಗ ಎಚ್ಚರವಾಗಿರ್ರಿ. ನಾನು ಒಂದು ಸಾರಿ ಕಸಿಮಾವೆಂದು ಹೆಚ್ಚಿನ ಹಣ ಕೊಟ್ಟು ತಂದದ್ದು ಗೊರಟೆಯ ಗಿಡವಾಗಿತ್ತು. ಬುಡದ ಬಳಿ ಕಸಿಯ ಗಂಟು ಇದೆಯೋ ಎಂದು ಬಗ್ಗಿ ನೋಡಿದ್ದರೆ ಮೋಸ ಹೋಗುತ್ತಿರಲಿಲ್ಲ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿಂದಲೂ, ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯದಿಂದಲೂ, ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದಲೂ ಸಸಿಗಳನ್ನೂ ಬೀಜಗಳನ್ನೂ ತರಿಸಿಕೊಳ್ಳಬಹುದು. ಹಳ್ಳಿಯ ನಾಲ್ಕಾರು ಕುಟುಂಬಗಳು ಕೂಡಿ ಒಬ್ಬನನ್ನು ಕಳುಹಿಸಿದರೆ ದಾರಿಯ ಖರ್ಚು ಹಗುರವಾಗುವದು.

4. ಗುಂಡಿಯೂ ನೆಡುವ ಕಾಲವೂ

ಗುಂಡಿಯನ್ನು ಬೇಸಿಗೆಯಲ್ಲಿಯೇ, ಏಪ್ರಿಲ್ ಮೇ ತಿಂಗಳುಗಳಲ್ಲಿ, 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳವಾಗಿ ತೋಡಿರಿ. ಮೇಲಿನ ಮಣ್ಣನ್ನು ಒಂದು ಕಡೆಗೂ ಕೆಳಗಿನ ಮಣ್ಣನ್ನು ಇನ್ನೊಂದು ಕಡೆಗೂ ರಾಶಿಹಾಕಿರಿ. ಎರಡು ಮೂರು ವಾರ ಗುಂಡಿಯು ಬಿಸಿಲಿಗೆ ಒಣಗಲಿ. ಹುಳಗಳೂ ಅವುಗಳ ತತ್ತಿಗಳೂ ಸಾಯುವವು. ಆಮೇಲೆ ಮೇಲಿನ ಮಣ್ಣಿಗೆ ಎರಡು ಪುಟ್ಟಿ ಚೆನ್ನಾಗಿ ಕೊಳೆತ ಗೊಬ್ಬರವನ್ನೂ ಎರಡು ಹಿಡಿ ಬೇವಿನ ಹಿಂಡಿಯನ್ನೂ ಬೆರಸಿ ಮೊದಲು ಅದನ್ನೇ ತುಂಬಿಸಿರಿ. ಗೊಬ್ಬರವು ಕಪ್ಪಾಗಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗಿ, ದುರ್ವಾಸನೆಯಿಲ್ಲದೆ ಇರಬೇಕು. ಹಸಿ ಸಗಣಿಯು ಕೊಳೆಯುವಾಗ ಬಿಸಿಯಾಗಿ ಎಳೇ ಬೇರುಗಳನ್ನು ಸುಡುತ್ತದೆ, ಗೆದ್ದಲನ್ನೂ ಕರೆತರುತ್ತದೆ. ನಮ್ಮ 19 ಸಸಿಗಳ ಸಾವಿಗೆ ಇದೂ ಒಂದು ಕಾರಣ.

ಒಂದೆರಡು ಒಳ್ಳೇ ಮಳೆಗಳು ಬಿದ್ದು ಗುಂಡಿಯ ಮಣ್ಣು ಕುಸಿದು ನಿಂತ ಮೇಲೆ, ಜೂನ್ ಜುಲೈ ತಿಂಗಳುಗಳಲ್ಲಿ, ಸಂಜೆಯ ಹೊತ್ತು ನೆಡತಕ್ಕದ್ದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಯ ರಭಸವು ತಗ್ಗುವವರೆಗೆ ಕಾಯುವದು ಲೇಸು. ಸಸಿಯ ಚೀಲವನ್ನು ಸೀಳಿ ತೆಗೆಯಿರಿ, ಬೇರಿನ ಮಣ್ಣಿನ ಹೆಂಟೆಯು ಒಡೆಯದಿರಲಿ. ಚೀಲದಲ್ಲಿ ಎಷ್ಟು ಆಳವಿತ್ತೋ ನೆಲದಲ್ಲಿಯೂ ಅಷ್ಟೇ ಆಳವಿರಲಿ. ಕಸಿಯ ಗಂಟು ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ಅದು ಮಣ್ಣಿನಲ್ಲಿ ಹುಗಿದುಹೋದರೆ ಕೊಳೆಯುತ್ತದೆ. ಗಂಟಿನ ಕೆಳಗಿನಿಂದ ಬರುವ ಚಿಗುರುಗಳನ್ನೆಲ್ಲಾ ಆಗಾಗ್ಗೆ ಚಿವುಟಿಹಾಕಿರಿ. ಹೀಗೆ ಮಾಡದವರ ಹಿತ್ತಲಲ್ಲಿ ಕಸಿಯ ಕೊಂಬೆಯು ಸತ್ತು, ಕೆಳಗಿನ ಕಾಡುಗಿಡವು ಸೊಂಪಾಗಿ ಬೆಳೆದು, ಇಷ್ಟು ವರುಷವಾದರೂ ಒಳ್ಳೇ ಹಣ್ಣಿಲ್ಲವೆಂದು ಮನೆಯವರು ಆಶ್ಚರ್ಯಪಡುವದನ್ನು ನಾನು ಕಂಡಿದ್ದೇನೆ.

ಪರಂಗಿಯನ್ನು ತಗ್ಗಿನಲ್ಲಿ ನೆಡಲೇಬಾರದು. ಅದರ ಬುಡದಲ್ಲಿ ಒಂದೆರಡು ದಿವಸ ನೀರು ನಿಂತರೆ ಬೇರು ಕೊಳೆತು ಗಿಡ ಬೀಳುತ್ತದೆ. ಕರೇಮಣ್ಣಿನ ಸೀಮೆಯವರು ಮಣ್ಣನ್ನು ಒಂದಡಿ ದಿಬ್ಬಮಾಡಿ ಅದರ ಮೇಲೆ ನೆಡಲಿ.

5. ಮೊದಲನೆಯ ಬೇಸಿಗೆ

ಮಳೆಗಾಲದಲ್ಲಿ ಎಲ್ಲರ ಸಸಿಗಳೂ ಹಸುರಾಗಿರುತ್ತವೆ. ಪರೀಕ್ಷೆಯು ಫೆಬ್ರವರಿಯಿಂದ ಮೇ ವರೆಗೆ ನಡೆಯುತ್ತದೆ. ಆ ನಾಲ್ಕು ತಿಂಗಳು ಸಸಿಗೆ ವಾರಕ್ಕೆ ಎರಡು ಸಾರಿ ಒಂದೊಂದು ಕೊಡ ನೀರು ಸಿಕ್ಕಿದರೆ ಸಾಮಾನ್ಯವಾಗಿ ಬದುಕುತ್ತದೆ. ಮರಳುನೆಲದಲ್ಲಿ ಮೂರು ಸಾರಿ ಬೇಕಾದೀತು. ದಿನಾಲು ಒಂದೊಂದು ಚೆಂಬು ಚಿಮುಕಿಸುವದಕ್ಕಿಂತ ಇದು ಉತ್ತಮ. ಯಾಕಂದರೆ ಚಿಮುಕಿಸಿದ ನೀರು ಮೇಲಿನ ಎರಡು ಬೆರಳು ಮಣ್ಣನ್ನು ಮಾತ್ರ ನೆನೆಯಿಸುತ್ತದೆ, ಬೇರುಗಳೂ ಮೇಲೆಯೇ ಉಳಿಯುತ್ತವೆ; ಆಳವಾಗಿ ಇಳಿದ ನೀರನ್ನು ಹುಡುಕುತ್ತಾ ಬೇರುಗಳೂ ಆಳಕ್ಕೆ ಹೋಗುತ್ತವೆ.

ನೀರು ಕಡಿಮೆಯಿರುವ ಊರಲ್ಲಿ ಹಳೇ ಮಣ್ಣಿನ ಗಡಿಗೆಯೊಂದು ದೊಡ್ಡ ಸಹಾಯ. ಸಸಿಯಿಂದ ಒಂದಡಿ ದೂರದಲ್ಲಿ ಗಡಿಗೆಯನ್ನು ಕುತ್ತಿಗೆಯ ವರೆಗೆ ಹುಗಿದು, ನೀರು ತುಂಬಿ, ಬಾಯಿಗೆ ಹಂಚನ್ನು ಮುಚ್ಚಿರಿ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೆಲ್ಲಮೆಲ್ಲನೆ ಜಿನುಗಿ ಬೇರಿಗೆ ಸಿಕ್ಕುತ್ತದೆ. ಬಿಸಿಲಿಗೆ ಆವಿಯಾಗಿ ಹೋಗುವದಿಲ್ಲ. ನೀರು ಮುಗಿದಾಗ ತುಂಬಿಸಿದರೆ ಸಾಕು. ಬುಡದ ಸುತ್ತಲೂ ಒಣಗಿದ ಎಲೆ, ಹುಲ್ಲು, ಕಡಲೆಯ ಹೊಟ್ಟು ಇವುಗಳನ್ನು ಒಂದು ಗೇಣು ದಪ್ಪ ಹೊದಿಸಿರಿ. ಕಾಂಡಕ್ಕೆ ತಗಲದಂತೆ ನಾಲ್ಕು ಬೆರಳು ಬಿಡಿರಿ. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಯಾವ ಗಿಡಕ್ಕೂ ಆಗುತ್ತದೆ. ಸಾಬೂನಿನ ನೀರು ಎಳೇ ಸಸಿಗಳಿಗೆ ಬೇಡ. ಬಚ್ಚಲಿನ ನೀರನ್ನು ಬಾಳೆಗೆ ಬಿಡಿರಿ.

ನೀರಿನಷ್ಟೇ ಮುಖ್ಯವಾದದ್ದು ಬೇಲಿ. ಒಂದು ವರುಷ ಸಾಕಿದ ಸಸಿಯನ್ನು ಆಡು ಒಂದು ಗಳಿಗೆಯಲ್ಲಿ ತೀರಿಸಿಬಿಡುತ್ತದೆ. ನೆಡುವ ದಿವಸವೇ ಜಾಲಿಯ ಮುಳ್ಳನ್ನು ಸುತ್ತಲೂ ಕಟ್ಟಿರಿ. ನಾಳೆ ಎಂದು ಬಿಟ್ಟರೆ ಆಡು ಕಾಯುವದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಪ್ರತಿ ಸಸಿಗೂ ಒಬ್ಬ ಸಾಕುವವನು ಇರಲಿ. ಮನೆಯಲ್ಲಿ ಇದು ತಂಗಿಯ ನಿಂಬೆ, ಇದು ಅಣ್ಣನ ಸೀಬೆ ಎಂದು ಹಂಚಿಕೊಡಿರಿ. ದೇವಾಲಯದ ಬಯಲಿನಲ್ಲಿಯಾದರೆ ಸಭೆಯ ಒಂದೊಂದು ಕುಟುಂಬಕ್ಕೆ ಒಂದೊಂದು ಸಸಿಯನ್ನು ಒಪ್ಪಿಸಿರಿ. ಎಲ್ಲರ ಗಿಡವೆಂದರೆ ಯಾರೂ ನೀರು ಹೊಯ್ಯದ ಗಿಡವೆಂದು ನಾವು ಕಷ್ಟಪಟ್ಟು ಕಲಿತೆವು.

6. ಮೊದಲನೆಯ ಹೂವು

ಕಸಿಗಿಡವು ಮೊಣಕಾಲೆತ್ತರ ಇರುವಾಗಲೇ ಹೂವು ಬಿಡುವದುಂಟು. ಮನೆಯವರಿಗೆ ಬಹಳ ಸಂತೋಷ. ಆದರೆ ಆ ಹೂವನ್ನು ಚಿವುಟಿಹಾಕಬೇಕೆಂದು ಹೇಳಿದರೆ ಯಾರಿಗೂ ಮನಸ್ಸಾಗದು. ಹೂವನ್ನು ಉಳಿಸಿದರೆ ಗಿಡದ ಬಲವೆಲ್ಲಾ ನಾಲ್ಕು ಕಾಯಿಗಳಿಗೆ ಹೋಗಿ, ಬೇರೂ ಕೊಂಬೆಯೂ ಬೆಳೆಯದೆ ಕುಗ್ಗಿಹೋಗುತ್ತವೆ. ಮಾವಿಗೆ ಮತ್ತು ಸಪೋಟಕ್ಕೆ ಮೊದಲನೆಯ ಎರಡು ಮೂರು ವರುಷ, ಸೀಬೆಗೆ ಮೊದಲನೆಯ ವರುಷ ಹೂವನ್ನು ತೆಗೆಯತಕ್ಕದ್ದು. ಪರಂಗಿ ಬಾಳೆಗಳಿಗೆ ಈ ನಿಯಮವಿಲ್ಲ; ಪರಂಗಿಯು ಒಂಬತ್ತು ಹತ್ತು ತಿಂಗಳುಗಳಲ್ಲಿಯೂ ಬಾಳೆಯು ಸುಮಾರು ಒಂದು ವರುಷದಲ್ಲಿಯೂ ಹಣ್ಣು ಕೊಟ್ಟು, ಕಾಯುವ ಮಕ್ಕಳನ್ನು ಸಮಾಧಾನಪಡಿಸುತ್ತವೆ.

ಯಾಜಕಕಾಂಡ 19ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರಿಗೆ ಕೊಟ್ಟ ನಿಯಮವನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿರಿ. ಅವರು ದೇಶದಲ್ಲಿ ನೆಟ್ಟ ಮರದ ಫಲವನ್ನು ಮೂರು ವರುಷ ತಿನ್ನಬಾರದಾಗಿತ್ತು; ನಾಲ್ಕನೆಯ ವರುಷದ ಫಲವು ಯೆಹೋವನಿಗೆ ಸ್ತೋತ್ರಾರ್ಥವಾಗಿ ಪರಿಶುದ್ಧವಾಗಿತ್ತು; ಐದನೆಯ ವರುಷದಿಂದ ಅವರು ತಿನ್ನಬಹುದಾಗಿತ್ತು. ಈ ನಿಯಮವನ್ನು ಕೊಟ್ಟದ್ದು ತೋಟಗಾರಿಕೆಯನ್ನು ಕಲಿಸುವದಕ್ಕೆಂದು ನಾನು ಹೇಳುವದಿಲ್ಲ. ಅದು ಪರಿಶುದ್ಧತೆಯ ವಿಷಯವಾದದ್ದು. ಆದರೂ ಮರಗಳನ್ನು ಸಾಕಿದವರು ಅದನ್ನು ಓದುವಾಗ, ಮರವನ್ನು ಉಂಟುಮಾಡಿದವನು ಮರದ ಸ್ವಭಾವವನ್ನೂ ಬಲ್ಲನೆಂದು ಕಾಣದಿರಲಾರರು. ಇದಲ್ಲದೆ, ಐದನೆಯ ವರುಷದ ಫಲಕ್ಕಾಗಿ ನೆಟ್ಟವನು ಐದು ವರುಷ ತನ್ನ ಕೈಯನ್ನು ತಡೆದುಕೊಳ್ಳುವದನ್ನು ಕಲಿಯುತ್ತಾನೆ. ಈ ಕಲಿಕೆಯು ಹಣ್ಣಿಗಿಂತ ಕಡಿಮೆಯಾದದ್ದಲ್ಲ.

7. ವೈರಿಗಳು

ಎಲ್ಲಾ ಹುಳಗಳಿಗೂ ವಿಷವನ್ನು ಹೊಡೆಯುವದು ಹಿತ್ತಲಿಗೆ ತಕ್ಕದ್ದಲ್ಲ. ಮಕ್ಕಳು ಹಣ್ಣನ್ನು ಗಿಡದಿಂದ ಕಿತ್ತು ತೊಳೆಯದೆ ತಿನ್ನುತ್ತಾರೆ. ಕಣ್ಣೂ ಕೈಯೂ ಸಾಕು. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವದು ಚಿಟ್ಟೆಯ ಮರಿಹುಳ. ದೊಡ್ಡದಾದಾಗ ಹಸುರಾಗಿ ಎಲೆಗಳನ್ನೆಲ್ಲಾ ಬೋಳಿಸುತ್ತದೆ. ಬೆಳಿಗ್ಗೆ ಕೈಯಿಂದ ಆರಿಸಿ ತೆಗೆಯಿರಿ. ಸೀಬೆಯ ಹಣ್ಣಿನಲ್ಲಿ ಹುಳವಿದ್ದರೆ ಅದು ಹಣ್ಣಿನ ನೊಣದ ಕೆಲಸ. ನೊಣವು ಸಿಪ್ಪೆಯ ಕೆಳಗೆ ತತ್ತಿಯಿಡುತ್ತದೆ. ಉದುರಿದ ಹಣ್ಣಿನಿಂದ ಹುಳವು ಮಣ್ಣಿಗೆ ಇಳಿದು, ಅಲ್ಲಿ ಗೂಡುಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಆದದರಿಂದ ಉದುರಿದ ಹಣ್ಣುಗಳನ್ನು ಪ್ರತಿದಿನ ಆರಿಸಿ ಎರಡು ಅಡಿ ಆಳದಲ್ಲಿ ಹೂಣಿಡಿರಿ. ಕಾಯಿಯು ನಿಂಬೆಯ ಗಾತ್ರವಾದಾಗ ಕಾಗದದ ಚೀಲವನ್ನು ಕಟ್ಟಿರಿ. ಪರಂಗಿಯ ಎಲೆಗಳು ಮಚ್ಚೆಮಚ್ಚೆಯಾಗಿ ಮುರುಟಿ, ಕಾಯಿಯ ಮೇಲೆ ಉಂಗುರದಂಥ ಗುರುತುಗಳು ಕಂಡರೆ ಅದು ಹೇನುಗಳು ಹರಡುವ ನಂಜುರೋಗ. ಅದಕ್ಕೆ ಮದ್ದಿಲ್ಲ. ಗಿಡವನ್ನು ಕಿತ್ತು ಸುಟ್ಟುಬಿಡಿರಿ. ಕನಿಕರಪಟ್ಟು ಬಿಟ್ಟರೆ ನೆರೆಯವರ ಗಿಡಗಳೂ ಕೆಡುವವು.

ಸೀಬೆಯಲ್ಲಿ ಹಣ್ಣು ಹೊಸ ಚಿಗುರಿನಲ್ಲಿ ಮಾತ್ರ ಬರುತ್ತದೆ. ಫಸಲು ಮುಗಿದ ಮೇಲೆ ಕೊಂಬೆಗಳ ತುದಿಯನ್ನು ಕತ್ತರಿಸಿರಿ. ಗಿಡವು ಗಿಡ್ಡಾಗಿ, ಮಕ್ಕಳ ಕೈಗೆ ಎಟಕುವಂತೆ ಉಳಿಯುವದು. ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಹಾಕದೆ, ಕೊಂಬೆಗಳ ನೆರಳು ಬೀಳುವ ಅಂಚಿನಲ್ಲಿ ವರ್ತುಲವಾಗಿ ಅಗೆದು ಹಾಕಿರಿ. ನೀರನ್ನೂ ಆಹಾರವನ್ನೂ ಹೀರುವ ಎಳೇ ಬೇರುಗಳು ಬಹಳವಾಗಿ ಅಲ್ಲಿಯೇ ಇರುತ್ತವೆ. ಸಾಮ್ಯದ ತೋಟಗಾರನೂ ಸುತ್ತಲೂ ಅಗೆಯುವೆನೆಂದೇ ಹೇಳಿದನಲ್ಲವೇ?

8. ಜಾಗವು ನಮ್ಮದಲ್ಲವೆಂಬ ಮಾತು

ಈ ಪಾಠವನ್ನು ಹಳ್ಳಿಗಳಲ್ಲಿ ಹೇಳಿದಾಗ ಅನೇಕರು ಕೊಟ್ಟ ಉತ್ತರವು ಇದು: “ಅಯ್ಯನವರೇ, ಮನೆ ಬಾಡಿಗೆಯದು, ಜಾಗ ಇನ್ನೊಬ್ಬರದು, ನಾವು ನೆಟ್ಟು ಇನ್ನಾರೋ ತಿನ್ನುವರು.” ಇದು ಹಗುರವಾದ ಮಾತಲ್ಲ. ಬಡವನ ಮೂರು ವರುಷದ ನೀರು ಇನ್ನೊಬ್ಬನ ಫಲವಾಗುವದು ನ್ಯಾಯವೆಂದು ನಾನು ಹೇಳಲಾರೆನು. ಅಂಥವರು ಪರಂಗಿ, ಬಾಳೆ, ಹಿಪ್ಪುನೇರಳೆಗಳನ್ನು ನೆಡಲಿ. ಒಂದೆರಡು ವರುಷಗಳಲ್ಲಿ ಅವರ ಕಷ್ಟವು ಅವರಿಗೇ ಫಲಿಸುವದು. ನಿಂಬೆಯ ಸಸಿಯನ್ನು ದೊಡ್ಡ ತೊಟ್ಟಿಯಲ್ಲಿ ಬೆಳೆಸಿ ಮನೆ ಬಿಡುವಾಗ ಜೊತೆಗೆ ಒಯ್ಯಲೂ ಬಹುದು.

ಆದರೂ ಯೆರೆಮೀಯನು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರವನ್ನು ಓದಿರಿ. ಅವರಿದ್ದ ನೆಲ ಅವರದಲ್ಲ. ಬೇಗನೆ ತಿರಿಗಿ ಹೋಗುವೆವೆಂದು ನಂಬಿ ಅವರು ಕೈಕಟ್ಟಿ ಕೂತಿದ್ದರು. ಅಂಥವರಿಗೇ ಮನೆಕಟ್ಟುವದಕ್ಕೂ ತೋಟಮಾಡುವದಕ್ಕೂ ಅವುಗಳ ಫಲವನ್ನು ತಿನ್ನುವದಕ್ಕೂ ಅಪ್ಪಣೆಯಾಯಿತು. ನಾವು ಸಭಾಸೇವಕರು ಕೆಲವು ವರುಷಗಳಿಗೊಮ್ಮೆ ಊರಿಂದ ಊರಿಗೆ ವರ್ಗವಾಗುವವರು. ನಾನು ಒಂದು ಊರಲ್ಲಿ ಇದ್ದಷ್ಟು ಕಾಲ ನನ್ನ ಮಕ್ಕಳು ಸಪೋಟ ಹಣ್ಣನ್ನು ಹೊಟ್ಟೆತುಂಬ ತಿಂದರು. ಆ ಮರವನ್ನು ನೆಟ್ಟವರ ಹೆಸರನ್ನು ಸಭೆಯಲ್ಲಿ ವಿಚಾರಿಸಿದೆನು. ಹೇಳಬಲ್ಲವರು ಯಾರೂ ಇರಲಿಲ್ಲ. ನೆಟ್ಟವರು ಅದರ ಒಂದು ಹಣ್ಣನ್ನಾದರೂ ತಿಂದರೋ ಇಲ್ಲವೋ ದೇವರೇ ಬಲ್ಲನು. ಅಂದಿನಿಂದ ಯಾವ ಊರಿಗೆ ಹೋದರೂ ಮೊದಲನೆಯ ಮುಂಗಾರಿನಲ್ಲಿ ಒಂದು ಕಸಿಗಿಡವನ್ನು ನೆಟ್ಟು, ಊರನ್ನು ಬಿಡುವಾಗ ಅದನ್ನು ಒಂದು ಕುಟುಂಬದ ಕೈಗೆ ಒಪ್ಪಿಸಿ ಬರುತ್ತೇನೆ.

ಅಂಜೂರದ ಮರವು ಆ ಮುಂದಿನ ವರುಷ ಫಲಕೊಟ್ಟಿತೋ ಇಲ್ಲವೋ ಎಂಬದನ್ನು ಕರ್ತನು ಹೇಳಲಿಲ್ಲ. ನಮ್ಮ ಹಿತ್ತಲಿನ ಸಸಿಗಳ ವಿಷಯದಲ್ಲಿಯೂ ಫಲವು ನಮ್ಮ ಕೈಯಲ್ಲಿಲ್ಲ. ಅಗೆಯುವದು, ಗೊಬ್ಬರ ಹಾಕುವದು, ನೀರು ಹೊಯ್ಯುವದು, ಇವು ನಮ್ಮ ಕೈಯಲ್ಲಿವೆ. ಹಣ್ಣು ಬಂದಾಗ ಮೊದಲನೆಯದನ್ನು ಕರ್ತನ ಮುಂದೆ ಸ್ತೋತ್ರದೊಂದಿಗೆ ಇಡಿರಿ. ಆಮೇಲೆ ಎಲ್ಲವನ್ನೂ ಸಂತೆಗೆ ಕಳುಹಿಸಿಬಿಡದೆ ಮನೆಯ ಮಕ್ಕಳಿಗೂ ಗಿಡವಿಲ್ಲದ ನೆರೆಯವರ ಮಕ್ಕಳಿಗೂ ಕೊಡಿರಿ. ಜ್ವರ ಬರುವ ತನಕ ಅವರು ಹಣ್ಣಿಗಾಗಿ ಕಾಯದಿರಲಿ.

ಸಭೆಯಲ್ಲಿಯೂ ಮನೆಕೂಟಗಳಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಲೂಕ 13ರ ತೋಟಗಾರನು ವಾಯಿದೆಯ ಹೊರತು ಇನ್ನೇನನ್ನು ಒಪ್ಪಿಕೊಂಡನು?

2. ಕಳೆದ ಐದು ವರುಷಗಳಲ್ಲಿ ನಮ್ಮ ಸಭೆಯಲ್ಲಿ ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ? ಸತ್ತವುಗಳು ಯಾವ ತಿಂಗಳಲ್ಲಿ ಸತ್ತವು?

3. ಕಸಿಗಿಡದ ಮೊದಲನೆಯ ಹೂವನ್ನು ಯಾಕೆ ತೆಗೆಯಬೇಕು? ನಮ್ಮ ಸಭೆಯ ಕೆಲಸಗಳಲ್ಲಿ ಹೀಗೆ ಬೇಗನೆ ಫಲವನ್ನು ಆಶಿಸಿ ಕೆಡಿಸಿದ್ದು ಉಂಟೋ?

4. ನಮ್ಮಲ್ಲಿ ಜಾಗವಿಲ್ಲದ ಕುಟುಂಬಗಳಿಗೆ ದೇವಾಲಯದ ಬಯಲಿನಲ್ಲಿ ಒಂದೊಂದು ಗಿಡವನ್ನು ಅದರ ಫಲದ ಸಮೇತವಾಗಿ ಒಪ್ಪಿಸಬಹುದೋ?

5. ಬರುವ ಬೇಸಿಗೆಯಲ್ಲಿ ಯಾವ ಸಸಿಗೆ ಯಾರು ನೀರು ಹೊಯ್ಯುವರು? ಹೆಸರುಗಳನ್ನು ಬರೆದು ದೇವಾಲಯದ ಬಾಗಲಲ್ಲಿ ಹಚ್ಚಿರಿ.